ನನ್ನ ನಾಯಿಗೆ ನನ್ನ ಮನಸ್ಸು ತಿಳಿಯುತ್ತಾ? ‘ಅನಿಮಲ್ ಕಮ್ಯುನಿಕೇಟರ್’ಗೆ ದುಡ್ಡು ಕೊಡಬಹುದಾ?

ಬೀದಿಯಿಂದ ತಂದು ಸಾಕಿದ ಚಿನ್ನಿ ನಿಮಗೆ ಬೇಜಾರಾದಾಗ ತಾನಾಗಿ ಬಂದು ಕಾಲ ಬಳಿ ಮಲಗುತ್ತಾಳೆ, ನೀವು ಆಫೀಸಿನಿಂದ ಬರುವ ಮುಂಚೆಯೇ ಬಾಗಿಲಲ್ಲಿ ಕೂತಿರುತ್ತಾಳೆ, ಈಗ ಹತ್ತು ದಿನದಿಂದ ಮಂಕಾಗಿದ್ದಾಳೆ ಅಂತ ಬರೆದಿದ್ದೀರಿ. ಫೋಟೊ ನೋಡಿ ಅವಳ ಮನದ ಮಾತು ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕಟ್ಟಲೇ ಅನ್ನುವುದು ನಿಮ್ಮ ಪ್ರಶ್ನೆ. ಮಂಕಾಗಿರುವ ವಿಷಯ ಮೊದಲು, ಉಳಿದದ್ದು ಕಾಯಬಹುದು.

ಆ ದುಡ್ಡನ್ನು ಪಶುವೈದ್ಯರಿಗೆ ಕೊಡಿ. ಬೆಂಗಳೂರಿನಲ್ಲಿ ನಾಯಿ ಮಂಕಾದರೆ ಉಣ್ಣೆ ಜ್ವರ, ಅಂದರೆ ಎಲ್ಲರೂ ಹೇಳುವ ಟಿಕ್ ಫೀವರ್, ಮೊದಲ ಅನುಮಾನ. ಕಿವಿಯ ಒಳಗೆ, ಕಾಲ್ಬೆರಳ ಸಂದಿನಲ್ಲಿ, ಕಾಲರ್ ಕೆಳಗೆ ಉಣ್ಣೆ (ರಕ್ತ ಹೀರುವ ಹುಳ) ಇದೆಯಾ ಹುಡುಕಿ. ಉಣ್ಣೆ ಸಿಗದಿದ್ದರೆ ಜ್ವರ ಇಲ್ಲ ಅಂತ ನಿರಾಳ ಆಗಬೇಡಿ. ಅದು ಕಚ್ಚಿ ಉದುರಿಹೋಗಿ ಎಷ್ಟೋ ದಿನದ ಮೇಲೆ ರೋಗ ತಲೆ ಎತ್ತುತ್ತದೆ. ತುಟಿ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಡಿ: ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡೇ ಬಿಳಿಚಿಕೊಂಡಿದ್ದರೆ ಅವತ್ತೇ ಹೊರಡಿ. ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ, ನಿಮಿಷಕ್ಕೆ 30ರ ಒಳಗಿರಬೇಕು. ಮೂಗು ಒಣಗಿದೆಯಾ ಅಂತ ಮುಟ್ಟಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಗುದದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 103 ದಾಟಿದರೆ ಜ್ವರ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗಂತೂ ಅದು ವಿಷ. ಹತ್ತಿರದ ಕ್ಲಿನಿಕ್ ಆಗಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಆಗಲಿ, ಪ್ಲೇಟ್‌ಲೆಟ್ ಎಣಿಕೆಯೂ ಸೇರಿದ ರಕ್ತ ಪರೀಕ್ಷೆ ಕೇಳಿ. ಹೋಗುವ ಮುಂಚೆ ಅವಳು ನಡೆಯುವುದು, ಮಲಗಿದ್ದವಳು ಏಳುವುದು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ಗಾಬರಿಗೆ ಚುರುಕಾಗಿ, ಕುಂಟುವ ನಾಯಿಯೂ ನೆಟ್ಟಗೆ ನಡೆಯುವುದುಂಟು.

ಇನ್ನು ಬೇಜಾರಿನ ವಿಷಯ. ಅದು ನಿಮ್ಮ ಭ್ರಮೆಯಲ್ಲ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಕಷ್ಟದ ಮನಗಣಿತ ಕೊಟ್ಟು, ಅದಕ್ಕೆ ಮುಂಚಿನ ಮತ್ತು ನಂತರದ ಬೆವರು-ಉಸಿರಿನ ಮಾದರಿಗಳನ್ನು ನಾಯಿಗಳ ಮುಂದಿಟ್ಟರು. ಒತ್ತಡದಲ್ಲಿದ್ದಾಗಿನ ವಾಸನೆಯನ್ನು ನಾಯಿಗಳು ಸರಿಯಾಗಿ ಬೇರೆ ಮಾಡಿ ತೋರಿಸಿದವು. ಅದರ ಜೊತೆಗೆ ನಿಮ್ಮ ನಡಿಗೆ, ದನಿ, ಚಪ್ಪಲಿ ಬಿಡುವ ರೀತಿ ಎಲ್ಲವೂ ಅವಳ ಕಣ್ಣು ಕಿವಿಗೆ ಬೀಳುತ್ತವೆ. ಆದರೆ ಬೇಜಾರು ಇಎಂಐದೋ ಮ್ಯಾನೇಜರ್‌ದೋ ಅನ್ನುವುದು ಅವಳಿಗೆ ಗೊತ್ತಾಗುವುದಿಲ್ಲ. ಬೀದಿನಾಯಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು ಅನ್ನುವವರಿಗೆ ಹೇಳಿ: ಐಸರ್ ಅನ್ನುವ ವಿಜ್ಞಾನ ಸಂಸ್ಥೆಯ ಕೋಲ್ಕತ್ತಾ ಶಾಖೆಯವರು ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳಿಗೆ ಎರಡು ಬಟ್ಟಲಲ್ಲಿ ಒಂದನ್ನು ಕೈತೋರಿಸಿ ನೋಡಿದ್ದಾರೆ. ಸುಮಾರು ಅರ್ಧ ನಾಯಿಗಳು ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಸುಮಾರು 80% ತೋರಿಸಿದ ಬಟ್ಟಲಿಗೇ ಹೋದವು.

ಬಾಗಿಲಲ್ಲಿ ಕಾಯುವುದನ್ನು ನೀವೇ ಪರೀಕ್ಷೆ ಮಾಡಬಹುದು. ಬಾಗಿಲ ಕಡೆಗೆ ಒಂದು ಕ್ಯಾಮೆರಾ ಇಡಿ. ಎರಡು ವಾರ ಬೇರೆ ಬೇರೆ ಹೊತ್ತಿಗೆ ಬನ್ನಿ (ಸಿಲ್ಕ್ ಬೋರ್ಡ್ ದಾಟಿ ಬರುವವರಾದರೆ ಟ್ರಾಫಿಕ್ಕೇ ಈ ಕೆಲಸ ಮಾಡಿಕೊಡುತ್ತದೆ). ಒಂದಷ್ಟು ದಿನ ನಿಮ್ಮ ಸ್ಕೂಟರ್ ಬಿಟ್ಟು ಮೆಟ್ರೊ, ಆಟೊದಲ್ಲಿ ಬನ್ನಿ. ‘ಹೊರಟೆ’ ಅಂತ ಮನೆಗೆ ಫೋನ್ ಮಾಡಬೇಡಿ. ಬಹಳಷ್ಟು ಸಲ ಗುಟ್ಟು ಇರುವುದು ಅಲ್ಲೇ. ಫೋನ್ ಇಟ್ಟ ಅಮ್ಮ ಕಾಫಿಗೆ ಹಾಲಿಡಲು ಏಳುತ್ತಾರೆ, ಅವರು ಎದ್ದಿದ್ದು ನೋಡಿ ನಾಯಿ ಬಾಗಿಲಿಗೆ ಹೋಗುತ್ತದೆ. ಆಮೇಲೆ ರೆಕಾರ್ಡಿಂಗ್ ತೆಗೆದು, ನೀವು ಬರದ ಹೊತ್ತಿನಲ್ಲೂ ಎಷ್ಟು ಸಲ ಬಾಗಿಲಿಗೆ ಹೋಗಿದ್ದಾಳೆ ಎಣಿಸಿ. ಆ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಇದೇ ಸೂತ್ರ ಫೋಟೊದವರಿಗೂ. ಸುಮಾರು 1904ರ ಹೊತ್ತಿಗೆ ಬರ್ಲಿನ್ನಿನಲ್ಲಿ ಹಾನ್ಸ್ ಅನ್ನುವ ಕುದುರೆ ಲೆಕ್ಕದ ಉತ್ತರವನ್ನು ಗೊರಸಿನಿಂದ ತಟ್ಟಿ ಹೇಳುತ್ತಿತ್ತು. ತಜ್ಞರ ಸಮಿತಿಗೂ ಮೋಸ ಏನೂ ಕಾಣಲಿಲ್ಲ. ಆಮೇಲೆ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಕಂಡುಹಿಡಿದದ್ದು ಇದು: ಉತ್ತರದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನ ತಲೆ ತನಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ಸೋಲುತ್ತಿತ್ತು. ಫೋಟೊ ನೋಡಿ ಹೇಳುವವರು ನಿಮ್ಮ ‘ಹೂಂ’ಗಳನ್ನೂ ಹಾಗೆಯೇ ಓದುತ್ತಾರೆ, ಕೆಲವರಿಗೆ ತಾವು ಓದುತ್ತಿದ್ದೇವೆ ಅಂತಲೂ ಗೊತ್ತಿರುವುದಿಲ್ಲ. ಪರೀಕ್ಷಿಸಲೇಬೇಕೆಂದರೆ ಚಿನ್ನಿಯನ್ನು ಕಂಡೇ ಇಲ್ಲದ ಸ್ನೇಹಿತರ ಕೈಲಿ ಕೇಳಿಸಿ: 5 ಪ್ರಶ್ನೆ, ಒಂದೊಂದಕ್ಕೆ 4 ಆಯ್ಕೆ. ಮಲಗುವ ಜಾಗ, ಹೆದರುವ ಸದ್ದು, ಇಂಥವು. ಬರೀ ಊಹೆಯಲ್ಲಿ ಐದೂ ಸರಿಯಾಗುವ ಸಾಧ್ಯತೆ 1024ರಲ್ಲಿ 1. ‘ನಿಮ್ಮನ್ನು ಕ್ಷಮಿಸಿದ್ದಾಳೆ’ ಥರದ ಉತ್ತರಕ್ಕೆ ಅಂಕ ಇಲ್ಲ.

ಚಿನ್ನಿ ನಿಮ್ಮನ್ನು ಓದುವಷ್ಟು ನಾವು ಯಾರೂ ನಾಯಿಯನ್ನು ಓದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಲಿಯಬೇಕಾದ್ದು ನಮ್ಮ ಕಡೆಯಿಂದ. ಎದುರಿಗೆ ತಿಂಡಿ ಇಲ್ಲದಾಗ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದಾಗ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುವುದು: ಇವು ‘ಕಸಿವಿಸಿ ಆಗ್ತಿದೆ’ ಅನ್ನುವ ಗುರುತು. ಬಾಲ ಅಲ್ಲಾಡಿದ್ದೆಲ್ಲ ಖುಷಿಯಲ್ಲ; ಬಾಲ ಮೇಲಕ್ಕೆ ಸೆಟೆದು ಸಣ್ಣಗೆ ನಡುಗುತ್ತಿದ್ದರೆ ದೂರ ನಿಲ್ಲಿ. ಮುದ್ದು ಮಾಡುವಾಗ ಎದೆ ಅಥವಾ ಕತ್ತಿನ ಪಕ್ಕ 3 ಸೆಕೆಂಡ್ ಸವರಿ ಕೈ ತೆಗೆಯಿರಿ. ಮೈ ಒತ್ತಿಕೊಂಡು ಬಂದರೆ ಇನ್ನೂ ಬೇಕು ಅಂತ. ಸುಮ್ಮನೆ ಸೆಟೆದು ನಿಂತರೆ ಅದು ಒಪ್ಪಿಗೆ ಅಲ್ಲ, ಅಲ್ಲಿಗೇ ಬಿಡಿ.

ಮನೆಯವರೆಲ್ಲ ಒಂದು ಕೆಲಸಕ್ಕೆ ಒಂದೇ ಮಾತು ಬಳಸಿ. ಅಜ್ಜಿ ‘ಕೂತ್ಕೋ’, ಮಗ ‘ಸಿಟ್’, ವಾಕಿಂಗ್ ಹುಡುಗ ‘ಬೈಠ್’ ಅಂದರೆ ನಾಯಿ ಮಾತು ಬಿಟ್ಟು ಕೈಯನ್ನಷ್ಟೇ ನೋಡುತ್ತದೆ. ಒಂದೇ ಅಕ್ಷರದ ವ್ಯತ್ಯಾಸವಿರುವ ‘ಸಾಕು’, ‘ಹಾಕು’ ಥರದ ಜೋಡಿ ಬೇಡ.

ಗುರ್ ಅಂದಾಗ ಗದರಬೇಡಿ. ಆ ಎಚ್ಚರಿಕೆಯನ್ನು ಅಡಗಿಸಿದರೆ ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಮಗುವನ್ನೋ ಅತಿಥಿಯನ್ನೋ ಆಚೆ ಕಳಿಸಿ, ಆ ಹೊತ್ತಿನಲ್ಲಿ ಯಾರು ಎಲ್ಲಿ ಮುಟ್ಟಿದ್ದರು ಅನ್ನುವುದನ್ನು ಬರೆದಿಡಿ. ಮೂರು ಸಲವೂ ಒಂದೇ ಜಾಗ ಬಂದರೆ ಅಲ್ಲಿ ನೋವಿರಬಹುದು, ವೈದ್ಯರಿಗೆ ಆ ಜಾಗ ತೋರಿಸಿ.