ಜೀಪಿಂದ ಇಳಿಯದವರ ಕೋವಿ

ಓದುಗರ ಪತ್ರ: "ಸಂಪಾದಕರೇ, ಹೋದ ಸಂಚಿಕೇಲಿ ಹಳೇ ಕಾಲದ ಶಿಕಾರಿ ನೆನಪುಗಳನ್ನ ಚಂದಾಗಿ ಹಾಕಿದ್ರಿ. ನಮ್ಮಜ್ಜನೂ ಒಳ್ಳೇ ಶಿಕಾರಿಯವರು. ಅದೇ ಈಗ ನಮ್ಮೂರ ಹುಡುಗ್ರು ರಾತ್ರಿ ಜೀಪಲ್ಲಿ ಲೈಟ್ ಬಿಟ್ಕೊಂಡು ರೋಡ್ ಬದೀಲಿ ಒಂದು ಹಂದಿನೋ ಕಡವೆನೋ ಹೊಡೆದ್ರೆ ಕಳ್ಳರ ಥರ ಹಿಡ್ಕೊಂಡು ಹೋಗ್ತಾರೆ. ನಡೆದು ಹೋಗಿ ಹೊಡೆದ್ರೂ ಸಾಯೋದೇ, ಜೀಪಲ್ಲಿ ಕೂತು ಹೊಡೆದ್ರೂ ಸಾಯೋದೇ. ಬೆಳೆ ಕಳ್ಕೊಳ್ಳೋರು ನಾವು. ವ್ಯತ್ಯಾಸ ಏನು ಹೇಳಿ." (ಮೂಡಿಗೆರೆ ಕಡೆಯವರು, ಹೆಸರು ಬೇಡ ಅಂದಿದಾರೆ.)

ಸಂಪಾದಕರ ಉತ್ತರ:

ಮೊದ್ಲು ನಿಮಗೆ ಸಲ್ಲಬೇಕಾದ್ದನ್ನ ಸಲ್ಲಿಸಿಬಿಡ್ತೀನಿ. ಹಂದಿ ಕಾಟ ಸುಳ್ಳಲ್ಲ. ಕೊಯ್ಲಿಗೆ ಬಂದ ಗದ್ದೆಗೆ ಒಂದು ಹಿಂಡು ರಾತ್ರಿ ನುಗ್ಗಿದ್ರೆ ಬೆಳಗ್ಗೆ ಅಲ್ಲಿ ಉಳಿಯೋದು ಕೆಸರು ಮಾತ್ರ, ಶುಂಠಿ ಮಡಿ ಉತ್ತಿಟ್ಟ ಹಾಗೆ ಕಾಣುತ್ತೆ, ಆಮೇಲೆ ಪರಿಹಾರಕ್ಕೆ ಅಂತ ಆಫೀಸು ಸುತ್ತಿದ ಬಸ್ ಚಾರ್ಜು ಕೂಡ ಎಷ್ಟೋ ಸಲ ಗಿಟ್ಟಲ್ಲ. ಪಟ್ಟಣದಲ್ಲಿ ಕೂತು ರೈತರಿಗೆ ಉಪದೇಶ ಮಾಡೋ ಪೈಕಿ ನಾನಲ್ಲ.

ಆದ್ರೆ ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ಹಂದಿ ಬರೋದು ನಿಮ್ಮ ಗದ್ದೆಗೆ. ಹುಡುಗ್ರ ಜೀಪು ಓಡಾಡೋದು ಕಾಡಿನ ರೋಡಲ್ಲಿ. ಗದ್ದೆ ಕಾಯೋಕೆ ಹೊರಟವರಿಗೆ ರಿಸರ್ವ್ ಫಾರೆಸ್ಟ್ ಮಧ್ಯದ ಟಾರ್ ರೋಡಲ್ಲಿ ರಾತ್ರಿ ಒಂದು ಗಂಟೇಲಿ ಏನು ಕೆಲಸ? ನೀವೇ ಬರೆದಿದೀರ, "ಹಂದಿನೋ ಕಡವೆನೋ" ಅಂತ. ಬೆಳೆ ಮೇಲೆ ಅಷ್ಟು ಕಾಳಜಿ ಇರೋರಿಗೆ ಅಲ್ಲಿ ಎದುರು ಸಿಕ್ಕಿದ್ದು ಕಾಡುಕುರಿ ಆದ್ರೂ ಆಯ್ತು, ಮೊಲ ಆದ್ರೂ ಆಯ್ತು, ಬರ್ಕ ಅನ್ನೋ ಪುಟ್ಟ ಮೌಸ್ ಡೀರ್ ಆದ್ರೂ ಬಿಡಲ್ಲ. ಬೆಳಗಾಗೋ ಹೊತ್ತಿಗೆ ಮಾಂಸ ಪಾಲಾಗಿ ಯಾವ್ಯಾವ್ದೋ ಹೋಂಸ್ಟೇ ಫ್ರಿಜ್ಜಿಗೆ ಹೋಗಿರುತ್ತೆ. ಇದರಲ್ಲಿ ನಿಮ್ಮ ಶುಂಠಿ ಎಲ್ಲಿ ಬಂತು?

ಇನ್ನು ಕಾನೂನು. ನಿಮ್ಮ ಹುಡುಗ್ರಿಗೆ ಯಾರೋ ಈಗ ಹೊಸದಾಗಿ ಅನ್ಯಾಯ ಮಾಡಿದಾರೆ ಅನ್ನೋ ಧಾಟಿ ಪತ್ರದಲ್ಲಿದೆ, ಅದಕ್ಕೇ ಇದನ್ನ ಬಿಡಿಸಿ ಹೇಳಬೇಕು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಶಿಕಾರಿ ಪೂರ್ತಿ ನಿಂತಿರಲಿಲ್ಲ, ಲೈಸೆನ್ಸ್ ಕೊಡ್ತಿದ್ರು. ಹಾಗೆ ಲೈಸೆನ್ಸ್ ಇದ್ದವನಿಗೂ 17ನೇ ಸೆಕ್ಷನ್ನಲ್ಲಿ ಇಂಥಿಂಥದ್ದು ಮಾಡಕೂಡದು ಅಂತ ಒಂದು ಪಟ್ಟಿ ಇತ್ತು: ಗಾಡಿಯಿಂದ ಹೊಡೆಯೋ ಹಾಗಿಲ್ಲ, ಗಾಡಿ ಓಡಿಸಿ ಪ್ರಾಣಿ ಅಟ್ಟೋ ಹಾಗಿಲ್ಲ, ಸೂರ್ಯ ಮುಳುಗಿದ ಮೇಲೆ ಹೊಡೆಯೋ ಹಾಗಿಲ್ಲ, ವಿಶೇಷ ಅನುಮತಿ ಇಲ್ದೆ ಲೈಟ್ ಹಾಕೋ ಹಾಗಿಲ್ಲ, ನೀರು ಕುಡಿಯೋ ಜಾಗದಲ್ಲಿ, ಉಪ್ಪು ನೆಕ್ಕೋ ಜಾಗದಲ್ಲಿ ಕಾದು ಕೂರೋ ಹಾಗಿಲ್ಲ. 1991ರ ತಿದ್ದುಪಡೀಲಿ ಲೈಸೆನ್ಸೇ ರದ್ದಾಯ್ತು, ಜೊತೆಗೆ ಆ ಪಟ್ಟಿಯೂ ಹೋಯ್ತು, ಯಾಕಂದ್ರೆ ಶಿಕಾರಿಯೇ ನಿಷೇಧ ಆದ ಮೇಲೆ ಅದಕ್ಕೆ ನಿಯಮ ಯಾಕೆ ಬೇಕು. ಅಂದ್ರೆ ಶಿಕಾರಿ ಕಾನೂನುಬದ್ಧವಾಗಿದ್ದ ದಿನಗಳಲ್ಲೂ ನಿಮ್ಮ ಹುಡುಗ್ರು ಮಾಡ್ತಿರೋದು ಅಪರಾಧವೇ. ಇವತ್ತಿನ ಕಾಯ್ದೇಲಿ ಹೊಡೆದು ಗುರಿ ತಪ್ಪಿದ್ರೂ ಕೇಸೇ, ಪ್ರಯತ್ನವನ್ನೂ ಬೇಟೆ ಅಂತಲೇ ಲೆಕ್ಕ ಹಿಡೀತಾರೆ. ಕೃತ್ಯಕ್ಕೆ ಬಳಸಿ ಜಪ್ತಾದ ಜೀಪು ಸರ್ಕಾರದ ಸೊತ್ತಾಗುತ್ತೆ ಅಂತ 39ನೇ ಸೆಕ್ಷನ್ ಹೇಳುತ್ತೆ. ಸಾಲ ಮಾಡಿ ಜೀಪ್ ಕೊಡಿಸಿದ ಅಪ್ಪಂದಿರು ಇದನ್ನ ಮಗನಿಗೆ ಓದಿ ಹೇಳಬೇಕು.

ನೀವು ಕೇಳಿದ್ದು ಅದಕ್ಕಿಂತ ದೊಡ್ಡದು, ಹೇಗೂ ಸಾಯೋ ಪ್ರಾಣಿಗೆ ಹೇಗೆ ಸತ್ತರೇನು ಅಂತ. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಸಂಗತಿ ಇದೆ, ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳ್ತಿರ್ತೀನಿ. 1947. ಈಗ ಛತ್ತೀಸ್‌ಗಢದಲ್ಲಿರೋ ಕೋರಿಯಾ ಅನ್ನೋ ಸಣ್ಣ ಸಂಸ್ಥಾನ, ರಾಜ ರಾಮಾನುಜ ಪ್ರತಾಪ ಸಿಂಗ್ ದೇವ್. ರಾತ್ರಿ ಗಾಡೀಲಿ ಹೋಗ್ತಿದ್ದಾಗ ಮೂರು ಚೀತಾ ಒಂದರ ಪಕ್ಕ ಒಂದು ಕೂತಿದ್ವು. ಮೂರೂ ಗಂಡು, ಪ್ರಾಯಶಃ ಒಂದೇ ಸೂಲಿನವು. ಮೊದಲ ಗುಂಡಿಗೆ ಒಂದು ಬಿತ್ತು. ಉಳಿದೆರಡು ಓಡಲಿಲ್ಲ. ಎರಡನೇ ಗುಂಡು ಒಂದರ ಮೈ ತೂರಿ ಹಿಂದಿದ್ದ ಮೂರನೇದನ್ನೂ ತಗೊಂಡ್ತು. ಭಾರತದಲ್ಲಿ ಚೀತಾ ಹೊಡೆದ ಕೊನೆಯ ಖಚಿತ ದಾಖಲೆ ಅಂತ ಎಲ್ಲರೂ ಹೇಳೋದು ಇದನ್ನೇ. 1952ರಲ್ಲಿ ಸರ್ಕಾರ ಚೀತಾ ನಿರ್ನಾಮ ಆಯ್ತು ಅಂತ ಘೋಷಿಸ್ತು, 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾನ ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಕಾಡಲ್ಲಿ ಬಿಟ್ವಿ.

ಈ ಸುದ್ದಿಗೆ ನಮ್ಮ ಮೈಸೂರಿನ ನಂಟೂ ಇದೆ. ಹುಲಿ ಚಿರತೆಗಳ ಚರ್ಮಕ್ಕೆ ಹದ ಕೊಟ್ಟು ಜೀವ ಬಂದ ಹಾಗೆ ನಿಲ್ಲಿಸ್ತಿದ್ದ ವ್ಯಾನ್ ಇಂಗೆನ್ ಅವರು ಮೈಸೂರಿನವರು, ಆ ಮೂರು ಚೀತಾ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಜರ್ನಲ್‌ನಲ್ಲಿ 1948ರಲ್ಲಿ ಟಿಪ್ಪಣಿ ಬಂದಿದ್ದು ಅವರ ಹೆಸರಲ್ಲೇ. ಅದರ ಜೊತೆ ಸಂಪಾದಕರು ತಮ್ಮದೊಂದು ಮಾತು ಸೇರಿಸಿದಾರೆ. ಈ ಕೊಲೆಯ ವಿವರ ಓದಿ ವಾಕರಿಕೆ ಬಂತು, ಮೊದಲು ಕಸದ ಬುಟ್ಟಿಗೆ ಹಾಕೋಣ ಅನ್ನಿಸ್ತು, ಇದನ್ನ ಅಚ್ಚು ಹಾಕ್ತಿರೋದು ಹೊಗಳೋಕಲ್ಲ, ದೋಷಾರೋಪಣೆ ಅಂತ ತಿಳೀರಿ, ಅನ್ನೋ ಅರ್ಥದ್ದು. ನೆನಪಿಡಿ, ಅದು ಶಿಕಾರಿ ಟಿಪ್ಪಣಿಗಳನ್ನ ವರ್ಷಾನುವರ್ಷ ಅಚ್ಚು ಹಾಕ್ತಿದ್ದ ಪತ್ರಿಕೆ. ಆ ಪುಟಕ್ಕೆ ಬರೀತಿದ್ದವರಲ್ಲಿ ಕೋವಿ ಹಿಡಿದವರು ಬೇಕಾದಷ್ಟು ಜನ. ಅಂಥ ಕಡೇಲಿ ಕೂತವರಿಗೇ ಹೊಟ್ಟೆ ತೊಳೆಸ್ತು. ಸಂಪಾದಕನ ಕುರ್ಚೀಲಿ ಕೂತವನಾಗಿ ನನಗೆ ಆ ನಾಲ್ಕು ಸಾಲಿನ ಮೇಲೆ ಇರೋ ಗೌರವ ಅಷ್ಟಿಷ್ಟಲ್ಲ.

ಉಳಿದೆರಡು ಯಾಕೆ ಓಡಲಿಲ್ಲ? ನಿಮ್ಮ ಹುಡುಗ್ರನ್ನ ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತೆ. ಚೀತಾ, ಕಡವೆ ಥರದ ಎಷ್ಟೋ ಪ್ರಾಣಿಗಳ ಕಣ್ಣಿನೊಳಗೆ ಹಿಂಬದೀಲಿ ಬೆಳಕನ್ನ ವಾಪಸ್ ಎಸೆಯೋ ಪರದೆ ಇದೆ, ಚೂರು ಬೆಳಕಲ್ಲೂ ಕಾಣ್ಲಿ ಅಂತ. ಅಂಥ ಕಣ್ಣಿಗೆ ಸ್ಪಾಟ್‌ಲೈಟ್ ಬಿಟ್ರೆ ಎದುರಿಗೆ ಏನಿದೆ, ಎಷ್ಟು ದೂರದಲ್ಲಿದೆ, ಒಂದೂ ಗೊತ್ತಾಗಲ್ಲ. ತಲೆ ಎತ್ತಿ, ಕಿವಿ ನಿಮಿರಿಸಿ, ಮುಂಗಾಲು ಅರ್ಧ ಎತ್ತಿಕೊಂಡು ಹಾಗೇ ನಿಲ್ಲುತ್ತೆ. ಹೊಡೆಯೋನಿಗೆ ಕಾಣೋದು ಹೊಳೆಯೋ ಎರಡು ಚುಕ್ಕಿ. ಅದು ಗಂಡು ಕಡವೆಯೋ, ಗಬ್ಬದ ಕಡವೆಯೋ, ಯಾರ ಮನೆ ಕರುವೋ ನೋಡೋಕೆ ಪುರುಸೊತ್ತಿಲ್ಲ. ಹಂದಿ ಅಂತ ಮನುಷ್ಯರಿಗೇ ಈಡು ಬಿದ್ದ ಸುದ್ದಿ ಮಲೆನಾಡಿಗೆ ಹೊಸದಲ್ಲ. ಮೇಲಾಗಿ ರೋಡು ಅಂದ್ರೆ ತಿರುವು, ತಿರುವಿನಾಚೆ ತೋಟದ ಕೂಲಿಯವರ ಒಂದು ಲೈನ್ ಮನೆ, ಅಲ್ಲೊಬ್ಬ ರಾತ್ರಿ ಎದ್ದು ಹೊರಗೆ ಬಂದಿರ್ತಾನೆ.

ಒಂದ್ಸಲ ಘಾಟಿ ರಸ್ತೇಲಿ ಬೆಳಗ್ಗೆ ಹೋಗುವಾಗ ನಮ್ಮ ಡ್ರೈವರ್ ಗಾಡಿ ನಿಲ್ಲಿಸಿದ್ರು. ರೋಡಂಚಲ್ಲಿ ಕೆಂಪು ತೋಟಾದ ಖಾಲಿ ಕೊಪ್ಪೆ, ಟೈರಿನ ಗುರುತು, ಲಂಟಾನ ಎಲೆ ಮೇಲೆ ಎದೆಮಟ್ಟದಲ್ಲಿ ಒಣಗಿದ ರಕ್ತ. ಇಳಿಜಾರಲ್ಲಿ ಸ್ವಲ್ಪ ಕೆಳಗೆ ಹೋದ್ರೆ ಹೆಣ್ಣು ಕಡವೆ ಮಲಗಿತ್ತು, ಹಿಂಗಾಲು ಮುರಿದು ಚರ್ಮದಲ್ಲಿ ನೇತಾಡ್ತಿತ್ತು, ಇನ್ನೂ ಉಸಿರಾಡ್ತಿತ್ತು, ಬಾಯಿ ಹತ್ರ ಮಣ್ಣೆಲ್ಲ ಕೆದರಿತ್ತು. ರಾತ್ರಿಯಿಡೀ ಹಾಗೇ ಇದ್ದಿರಬೇಕು. ರೋಡಿಂದ ಅಲ್ಲಿಗೆ ದೂರವೇನಿಲ್ಲ. ಹೊಡೆದವರು ಯಾಕೆ ಇಳಿಯಲಿಲ್ಲ? ಜಾರಿಕೆ, ಜಿಗಣೆ, ಕತ್ತಲೆ, ಹಿಂದಿಂದ ಯಾವ್ದೋ ಗಾಡಿ ಲೈಟು ಕಂಡಿರಬೇಕು, ಹೊರಟುಬಿಟ್ಟಿದಾರೆ.

ನಿಮ್ಮಜ್ಜನ ಕಾಲದವರು ಅದನ್ನ ಮಾಡ್ತಿರಲಿಲ್ಲ. ಆ ಕಾಲದ ಶಿಕಾರಿ ಪುಣ್ಯದ ಕೆಲಸ ಅಂತ ನಾನು ಹೇಳ್ತಿಲ್ಲ, ಕಾಡು ಖಾಲಿ ಆಗಿದ್ರಲ್ಲಿ ಅವರ ಪಾಲೂ ಇದೆ. ಆದ್ರೆ ಹಳು ಸೋವೋರು, ಅಂದ್ರೆ ಪೊದೆ ಬಡಿದು ಪ್ರಾಣಿ ಎಬ್ಬಿಸೋರು, ಮುಳ್ಳಲ್ಲಿ ನುಗ್ಗಿ ಮೈ ಗೀರಿಸ್ಕೊಂಡು ಬರಬೇಕಿತ್ತು, ಬಿಲ್ಲಿಗೆ ನಿಂತೋನು, ಅಂದ್ರೆ ಪ್ರಾಣಿ ಬರೋ ದಾರೀಲಿ ಕೋವಿ ಹಿಡಿದು ನಿಂತೋನು, ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕಾಯಬೇಕಿತ್ತು, ಹಂದಿ ತಿರುಗಿಬಿದ್ರೆ ತೊಡೆ ಸೀಳಿಸ್ಕೊಳ್ಳೋನು ಅವನೇ. ಗಾಯದ ಪ್ರಾಣಿ ಬಿಟ್ಟು ಬಂದೋನಿಗೆ ಊರಲ್ಲಿ ಮರ್ಯಾದೆ ಇರ್ತಿರಲಿಲ್ಲ, ಮಾರನೇ ದಿನ ನಾಯಿ ಕಟ್ಕೊಂಡು ರಕ್ತದ ಜಾಡು ಹಿಡಿದು ಹೋಗಿ ಮುಗಿಸಿ ಬರೋರು. ಹತ್ತರಲ್ಲಿ ಎಂಟು ಸಲ ಬರಿಗೈ. ಪ್ರಾಣಿಗೆ ತಪ್ಪಿಸ್ಕೊಳ್ಳೋ ದಾರಿ ಇತ್ತು, ಮನುಷ್ಯನಿಗೆ ಪೆಟ್ಟು ಬೀಳೋ ಸಾಧ್ಯತೆ ಇತ್ತು. ಜೀಪು ಈ ಎರಡನ್ನೂ ತೆಗೆದುಹಾಕ್ತು. ಹಾಡು ಹಾಕ್ಕೊಂಡು, ಸೀಟಲ್ಲಿ ಕೂತು, ಕಿಟಕಿ ಮೇಲೆ ಕೋವಿ ಇಟ್ಟು ಹೊಡೆಯೋನಿಗೂ ನಿಮ್ಮಜ್ಜನಿಗೂ ಒಂದೇ ಹೆಸರು ಕೊಟ್ರಲ್ಲ, ನನಗೆ ಬೇಜಾರಾಗಿದ್ದು ಅಲ್ಲೇ. ಅಜ್ಜನ ಮೇಲೆ ಅಭಿಮಾನ ಇರೋರು ನೀವು, ನಿಮಗೆ ಇದು ಗೊತ್ತಾಗದೇ ಇರಲ್ಲ.

ಪ್ರಾಣಿ ರೋಡಿಗೆ ಯಾಕೆ ಬರುತ್ತೆ ಅನ್ನೋದನ್ನೂ ಯೋಚಿಸಿ. ಬಂಡೀಪುರ, ನಾಗರಹೊಳೆ ಕಡೆ ರೋಡಿನ ಎರಡೂ ಬದಿ ಪೊದೆ ಸವರಿರ್ತಾರೆ, ಎಳೇ ಹುಲ್ಲು ಚಿಗುರುತ್ತೆ, ಜಿಂಕೆ ಮೇಯೋಕೆ ಬರುತ್ತೆ. ನಾವೇ ಮೇವು ಹಾಕಿ ಕರೆದಂತೆ ಆಯ್ತು, ಅಲ್ಲಿ ನಿಂತು ಕೋವಿ ಹಿಡಿಯೋದಾ? 2009ರಿಂದ ಬಂಡೀಪುರದ ಹೈವೇಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದಾರೆ, ಹೈಕೋರ್ಟೂ ಅದನ್ನ ಎತ್ತಿಹಿಡೀತು, ಆದ್ರೂ ತೆಗೀರಿ ತೆಗೀರಿ ಅನ್ನೋ ಒತ್ತಡ ನಿಂತಿಲ್ಲ. ತರಕಾರಿ ಲಾರಿ, ವ್ಯಾಪಾರ, ಟೂರಿಸ್ಟ್ ಅಂತ ಲೆಕ್ಕ ಕೊಡ್ತಾರೆ. ತಡರಾತ್ರಿ ತೆರೆದಿರೋ ಕಾಡಿನ ರಸ್ತೇಲಿ ಯಾರ್ಯಾರು, ಏನೇನು ಇಟ್ಕೊಂಡು ಓಡಾಡ್ತಾರೆ ಅನ್ನೋದು ಯಾರ ಲೆಕ್ಕದಲ್ಲೂ ಬರಲ್ಲ. ಪ್ರತಿ ಬಜೆಟ್ಟಲ್ಲೂ ಕಾಡಿನ ರೋಡ್ ಅಗಲ ಮಾಡ್ತಾರೆ, ರೆಸಾರ್ಟಿನವರು ಗೆಸ್ಟ್‌ಗಳನ್ನ ರಾತ್ರಿ ಕರ್ಕೊಂಡು ಹೋಗಿ ಆನೆ ಮುಖಕ್ಕೆ ಲೈಟ್ ಬಿಡಿಸ್ತಾರೆ, ಅದು ರೀಲ್ಸ್ ಆಗುತ್ತೆ, ಲಕ್ಷ ಲೈಕು. ಲೈಟ್ ಬಿಡೋ ಚಟ ಹತ್ತಿದ ಮೇಲೆ ಕೈಗೆ ಕೋವಿ ಬರೋಕೆ ಎಷ್ಟು ಹೊತ್ತು? ಸಿಕ್ಕಿಬಿದ್ರೆ ಸ್ಟೇಷನ್ನಿಗೆ ಮೊದಲು ಬರೋದು ಲೀಡರ್ ಫೋನು.

ಪ್ರಾಣಿ ಕಾಯೋದೇ ಧರ್ಮ ಅಂತ ನಂಬಿರೋ ರಾಜಸ್ಥಾನದ ಬಿಷ್ಣೋಯಿ ಜನರನ್ನ ನೋಡಿ. 1998ರಲ್ಲಿ ಜೋಧ್‌ಪುರ ಹತ್ರದ ಕಂಕಣಿಯಲ್ಲಿ ರಾತ್ರಿ ಗುಂಡಿನ ಸದ್ದು ಕೇಳಿ ಎದ್ದು ಹೊರಬಂದು ಜಿಪ್ಸಿ ಗಾಡಿ ನೋಡಿದ್ವಿ ಅಂತ ಹಳ್ಳಿಯವರು ಕೋರ್ಟಲ್ಲಿ ನಿಂತು ಹೇಳಿದ್ರು, ಇಪ್ಪತ್ತು ವರ್ಷ ಮಾತು ಬದಲಿಸಲಿಲ್ಲ. 2018ರಲ್ಲಿ ಸಲ್ಮಾನ್ ಖಾನ್‌ಗೆ ಐದು ವರ್ಷ ಶಿಕ್ಷೆ ಆಗಿದ್ದು ಆ ರಾತ್ರಿ ಕೃಷ್ಣಮೃಗ ಹೊಡೆದ ಇದೇ ಕೇಸಲ್ಲಿ, ಅವರು ಅಪೀಲು ಹೋಗಿದಾರೆ. ಬಿಷ್ಣೋಯಿಗಳಿಗೂ ಹೊಲ ಇದೆ, ಆ ಜಿಂಕೆಗಳು ಅವರ ಬೆಳೇನೂ ಮೇಯುತ್ವೆ.

ನಿಮ್ಮ ಗದ್ದೆ ವಿಷಯಕ್ಕೆ: ನಿಂತ ಬೆಳೆಗೆ ಹಂದಿಯಿಂದ ಅಪಾಯ ಅಂತ ಮನವರಿಕೆ ಆದ್ರೆ ಕಾರಣ ಬರೆದು ಅದನ್ನ ಹೊಡೆಯೋಕೆ ಲಿಖಿತ ಆದೇಶ ಕೊಡೋ ಅಧಿಕಾರ ಕಾಯ್ದೆಯ 11ನೇ ಸೆಕ್ಷನ್ನಲ್ಲಿ ಚೀಫ್ ವೈಲ್ಡ್‌ಲೈಫ್ ವಾರ್ಡನ್‌ಗೆ, ಅವರು ನೇಮಿಸಿದ ಅಧಿಕಾರಿಗೆ ಇದೆ. ಊರವರೆಲ್ಲ ಸೇರಿ ಅರ್ಜಿ ಹಾಕಿ, ಹಾಳಾದ ಮಡಿಗಳ ಫೋಟೋ ಲಗತ್ತಿಸಿ, ಸ್ವೀಕೃತಿ ಪಡೀರಿ. ಉತ್ತರ ಬರದಿದ್ರೆ ಅರ್ಜಿ ಪ್ರತಿ ನಮಗೆ ಕಳಿಸಿ, ನಿಮ್ಮ ಹೆಸರು ಮುಚ್ಚಿ ಪೂರ್ತಿ ಪುಟ ಕೊಡ್ತೀನಿ. ಪತ್ರದ ಜೊತೆ ಕಳಿಸಿದ್ರಲ್ಲ, ಜೀಪ್ ಬಾನೆಟ್ ಮೇಲೆ ಕಡವೆ ಮಲಗಿಸಿ ಹುಡುಗ್ರು ನಗ್ತಾ ನಿಂತಿರೋ ಫೋಟೋ, ಅದನ್ನ ಮಾತ್ರ ಹಾಕಲ್ಲ.