ಹೊಸ ಹಾಡು ಹಿಡಿಸದಿರುವುದಕ್ಕೆ ವಯಸ್ಸೇ ಕಾರಣವೇ?

ನಿಮ್ಮ ಪ್ರಶ್ನೆ ಇಷ್ಟು: ನಿಮಗೀಗ 38. ಇಪ್ಪತ್ತರ ಆಸುಪಾಸಿನಲ್ಲಿ ಕೈಗೆ ಬಂದ ದುಡ್ಡನ್ನೆಲ್ಲ ಹಾಡಿಗೆ ಸುರಿಯುತ್ತಿದ್ದಿರಿ. ಈಗ ಹೊಸದು ಯಾವುದೂ ಮನಸ್ಸಿಗೆ ಹತ್ತುವುದಿಲ್ಲ, ಕೊಂಡರೂ ಆಗ ಕೇಳುತ್ತಿದ್ದವನ್ನೇ ಮತ್ತೆ ಕೊಳ್ಳುತ್ತೀರಿ. ಇದು ವಯಸ್ಸಿನ ಆಟವೇ, ಎಲ್ಲರಿಗೂ ಹೀಗೇನಾ?

ನನಗೆ 52. ಹೌದು, ಬಹಳ ಜನರಿಗೆ ಹೀಗೇ ಆಗುತ್ತದೆ. ಆದರೆ ತಪ್ಪನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುವುದಕ್ಕೆ ನನಗೆ ಮನಸ್ಸಿಲ್ಲ. ಅರ್ಧ ತಪ್ಪು ನಾವು ಹಾಡು ಕೊಳ್ಳುವ ರೀತಿಯದ್ದು.

ಮೊದಲು ವಯಸ್ಸಿನ ಪಾಲು ಹೇಳಿ ಮುಗಿಸುತ್ತೇನೆ. 1989ರಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಅನ್ನುವ ಇಬ್ಬರು ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಜನಪ್ರಿಯ ಹಾಡುಗಳ ತುಣುಕು ಕೇಳಿಸಿ, ಎಷ್ಟು ಇಷ್ಟವಾಯಿತು ಅಂತ ವಿಚಾರಿಸಿದರು. ಒಟ್ಟಾರೆ ನೋಡಿದಾಗ, ತಮಗೆ ಸುಮಾರು 24 ವರ್ಷವಿದ್ದಾಗ ಹೆಸರು ಮಾಡಿದ್ದ ಹಾಡುಗಳೇ ಜನಕ್ಕೆ ಹೆಚ್ಚು ಹಿಡಿಸಿದ್ದವು. ನೆನಪಿನ ಕತೆಯೂ ಇದೇ. ವಯಸ್ಸಾದವರಿಗೆ ಬದುಕಿನ ನೆನಪು ಹೇಳಿ ಅಂದರೆ ಹತ್ತರಿಂದ ಮೂವತ್ತರ ನಡುವಿನವೇ ಜಾಸ್ತಿ ಬರುತ್ತವೆ. ಮೊದಲ ಗೆಳೆತನ, ಮೊದಲ ಸಂಬಳ, ಮೊದಲ ಪೆಟ್ಟು, ಎಲ್ಲ ಅಲ್ಲೇ ತಾನೇ ಇರುವುದು? ಆಗ ಕೇಳಿದ ಹಾಡು ಅವಕ್ಕೆ ಅಂಟಿಕೊಂಡುಬಿಡುತ್ತದೆ.

ಆ ವಯಸ್ಸಿನಲ್ಲಿ ಹಾಡು ಒಂಥರಾ ಗುರುತಿನ ಚೀಟಿಯೂ ಹೌದು. ಯಾರು ಏನು ಕೇಳುತ್ತಾರೆ ಅನ್ನುವುದರ ಮೇಲೆ ನಾವು ಗೆಳೆಯರನ್ನು ಆರಿಸುತ್ತಿದ್ದೆವು. ನಾನಂತೂ ಕೇಳದ ಎಷ್ಟೋ ಸಿಡಿಗಳನ್ನು ಬಂದವರಿಗೆ ಕಾಣಲಿ ಅಂತ ಸುಮ್ನೆ ಜೋಡಿಸಿಟ್ಟಿದ್ದೆ. ಈಗ ನಾನು ಏನು ಕೇಳುತ್ತೇನೆ ಅಂತ ಯಾರೂ ಕೇಳುವುದಿಲ್ಲ. ಒಬ್ಬನೇ ಕೂತು ಕೇಳುತ್ತೇನೆ, ದನಿ ಸಣ್ಣದು ಮಾಡಿಕೊಂಡು. 2.5 ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಆಧರಿಸಿದ 2013ರ ಒಂದು ಅಧ್ಯಯನದಲ್ಲೂ ಇದೇ ಚಿತ್ರ ಕಾಣುತ್ತದೆ. ಅಬ್ಬರದ ಸಂಗೀತದ ಹುಚ್ಚು ಹದಿಹರೆಯ ದಾಟಿದಂತೆ ಇಳಿಯುತ್ತದೆ. ಶಾಸ್ತ್ರೀಯ, ಜಾಝ್ ತರಹದ್ದರ ಕಡೆ ಒಲವು ಏರುತ್ತದೆ. ಕೇಳುವ ಹೊತ್ತೂ ಕಡಿಮೆಯಾಗುತ್ತದೆ.

ಕಿವಿಯ ಮಾತೂ ಇದೆ. ಎಳೆಯ ಕಿವಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ ಅನ್ನುತ್ತಾರೆ. ವಯಸ್ಸಾದಂತೆ ಮೇಲಿನ ತುದಿಯಿಂದ ಸವೆಯುತ್ತಾ ಬರುತ್ತದೆ. ಮಗಳಿಗೆ ಕೇಳಿಸುವ ಒಂದು ಕೀರಲು ಬೀಪ್ ನನಗೆ ಕೇಳಿಸುವುದೇ ಇಲ್ಲ. ಒಳ್ಳೆಯ ಸ್ಪೀಕರ್ ಕೊಳ್ಳುವ ಶಕ್ತಿ ಬಂದಿದ್ದೂ ಇದೇ ಹೊತ್ತಿಗೆ. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುವುದು ಇದಕ್ಕೇ ಇರಬೇಕು.

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಹದಿನಾರರಲ್ಲಿ ನಾನು ಕ್ಯಾಸೆಟ್ ಕೊಳ್ಳುತ್ತಿದ್ದೆ. ವರ್ಷಕ್ಕೆ ಐದಾರು, ಅಷ್ಟೇ. ಬೇಡದ ಹಾಡು ಬಂದರೆ ಫಾರ್ವರ್ಡ್ ಒತ್ತಬೇಕು, ಅಂದಾಜಿನ ಮೇಲೆ ನಿಲ್ಲಿಸಬೇಕು, ದಾಟಿ ಹೋಗಿದ್ದರೆ ಹಿಂದಕ್ಕೆ ತರಬೇಕು. ಬ್ಯಾಟರಿ ಬೇರೆ ಬೇಗ ಖಾಲಿ. ಅಷ್ಟು ರಗಳೆಗಿಂತ ಕೇಳಿಬಿಡುವುದೇ ವಾಸಿ ಅನ್ನಿಸುತ್ತಿತ್ತು. ಹಾಗಾಗಿ ಬೇಡದ ಹಾಡುಗಳೂ ಬಾಯಿಪಾಠವಾದವು.

ಇಪ್ಪತ್ಮೂರರಲ್ಲಿ ಒಂದು ಸಿಡಿ ಕೊಂಡೆ, ರೇಡಿಯೋದಲ್ಲಿ ಕೇಳಿದ್ದ ಒಂದೇ ಒಂದು ಹಾಡಿನ ಆಸೆಗೆ. ಮನೆಗೆ ತಂದು ಹಾಕಿದರೆ ಉಳಿದ ಒಂಬತ್ತೂ ಬರೀ ಗೊಣಗಾಟ. ಅಂಗಡಿಯವರು ವಾಪಸ್ ತಗೊಳ್ಳೋಲ್ಲ ಅಂದರು. ಹೊಟ್ಟೆ ಉರಿದುಹೋಯಿತು. ಕೊಟ್ಟ ದುಡ್ಡಾದರೂ ದಕ್ಕಬೇಕಲ್ಲ ಅಂತ ಹಠಕ್ಕೆ ಬಿದ್ದು ದಿನಾ ಹಾಕಿದೆ. ಮೂರನೆಯ ವಾರವಿರಬೇಕು, ಬೆಳಿಗ್ಗೆ ಹಲ್ಲುಜ್ಜುತ್ತಾ ಏನೋ ಗುನುಗುತ್ತಿದ್ದೆ. ಇದ್ಯಾವುದಪ್ಪಾ ಅಂತ ಯೋಚಿಸಿದರೆ ಆ ಗೊಣಗಾಟದಲ್ಲಿ ಏಳನೆಯದು! ಇವತ್ತಿಗೂ ನನಗೆ ಅದಕ್ಕಿಂತ ಪ್ರಿಯವಾದ ಹಾಡಿಲ್ಲ. ಯಾವ ಹಾಡಿಗಾಗಿ ಆ ಸಿಡಿ ಕೊಂಡೆನೋ ಅದನ್ನು ಈಗ ದಾಟಿಸಿ ಮುಂದೆ ಹೋಗುತ್ತೇನೆ.

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಒಂದನ್ನು ಮತ್ತೆ ಮತ್ತೆ ಕಂಡರೆ, ಕೇಳಿದರೆ ಸಾಕು, ಅದರ ಮೇಲೆ ಇಷ್ಟ ಬೆಳೆಯುತ್ತದೆ ಅಂತ ರಾಬರ್ಟ್ ಝಯೊಂಟ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲೇ ತೋರಿಸಿದ್ದರು. (ಅತಿಯಾದರೆ ಬೇಜಾರೂ ಬರುತ್ತದೆ, ಅದು ಬೇರೆ ಮಾತು.) ಆಗ ನಮ್ಮನ್ನು ಹತ್ತು ಸಲ ಕೇಳುವಂತೆ ಮಾಡುತ್ತಿದ್ದದ್ದು ಖರ್ಚಾದ ದುಡ್ಡು. ನಮಗೆ ತಾಳ್ಮೆ ಏನೂ ಜಾಸ್ತಿ ಇರಲಿಲ್ಲ.

2003ರಲ್ಲಿ ಆಪಲ್ ತನ್ನ ಐಟ್ಯೂನ್ಸ್ ಅಂಗಡಿ ತೆರೆದು ಬಿಡಿ ಹಾಡು ಮಾರತೊಡಗಿತು. ಬೇಕಾದ ಒಂದನ್ನು ಕೊಂಡು ಉಳಿದ ಒಂಬತ್ತನ್ನು ಬಿಟ್ಟುಬಿಡಬಹುದು. ಎಷ್ಟು ಸಲೀಸು ಅಲ್ವಾ? ನಾನೂ ಖುಷಿಯಿಂದ ಕುಣಿದಿದ್ದೆ. ಆದರೆ ಆ ಸಿಡಿಯನ್ನು ಹಾಗೆ ಕೊಂಡಿದ್ದರೆ ನನ್ನ ಏಳನೆಯ ಹಾಡು ನನಗೆ ಸಿಗುತ್ತಲೇ ಇರಲಿಲ್ಲ. 2008ರಲ್ಲಿ ಸ್ಪಾಟಿಫೈ ಬಂತು, ಬಿಡಿ ಹಾಡನ್ನು ಕೊಳ್ಳುವುದೂ ತಪ್ಪಿತು. ಆಪಲ್ ಮ್ಯೂಸಿಕ್‌ನಲ್ಲಿ 2022ರ ಹೊತ್ತಿಗೇ 10 ಕೋಟಿ ಹಾಡುಗಳಿದ್ದವು. ಅಷ್ಟೊಂದು ಕೈಯಳತೆಯಲ್ಲಿರುವಾಗ ಹಿಡಿಸದ ಹಾಡನ್ನು ಎರಡನೆಯ ಸಲ ಯಾರು ಕೇಳುತ್ತಾರೆ? ನಾನು ಹದಿನೈದು ಸೆಕೆಂಡಿನಲ್ಲಿ ತೀರ್ಪು ಕೊಡುತ್ತೇನೆ. ಹತ್ತೊಂಬತ್ತರ ನನ್ನ ಮಗಳು ಎಂಟು ಸೆಕೆಂಡಿನಲ್ಲಿ ಕೊಡುತ್ತಾಳೆ. ಹಾಗಾದರೆ ಇದು ಬರೀ ವಯಸ್ಸು ಹೇಗಾಯಿತು? ಒಂದೇ ವ್ಯತ್ಯಾಸ ಅಂದರೆ, ಹಿಡಿಸಿದ್ದನ್ನು ಅವಳು ಒಂದೇ ದಿನದಲ್ಲಿ ಐವತ್ತು ಸಲ ಕೇಳುತ್ತಾಳೆ. ನನಗೆ ಅಷ್ಟು ಬಿಡುವಿಲ್ಲ.

ನಿಮ್ಮ ಹಾಗೆ ನಾನೂ ಹಳೆಯದನ್ನೇ ಮತ್ತೆ ಕೊಳ್ಳುವ ಗಿರಾಕಿ. ಒಂದೇ ಆಲ್ಬಂ ನಾಲ್ಕು ಸಲ ಕೊಂಡಿದ್ದೇನೆ. ಮೊದಲು ಕ್ಯಾಸೆಟ್, ಆಮೇಲೆ ಸಿಡಿ, ಆಮೇಲೆ ಆನ್‌ಲೈನ್ ಅಂಗಡಿಯೊಂದರಿಂದ ಫೈಲು. ಆ ಅಂಗಡಿ ಮುಚ್ಚಿತು, ಬೀಗ ಹಾಕಿದ್ದ ಆ ಫೈಲುಗಳು ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಕೊನೆಗೆ ಎಲ್‌ಪಿ, ಅಂದರೆ ಎರಡು ಮಗ್ಗುಲಿನ ದೊಡ್ಡ ಗ್ರಾಮಫೋನ್ ತಟ್ಟೆ. ತಮಾಷೆ ಕೇಳಿ, ನನ್ನ ಸಿಡಿಯ ಮೂರನೆಯ ಹಾಡಿನಲ್ಲಿ ಒಂದು ಗೀರಿತ್ತು, ಒಂದು ಸಾಲು ಅರ್ಧಕ್ಕೆ ಹಾರುತ್ತಿತ್ತು. ಎಲ್‌ಪಿಯಲ್ಲಿ ಆ ಸಾಲು ಪೂರ್ತಿ ಬರುತ್ತದೆ. ಬಂದಾಗಲೆಲ್ಲ ನನಗೆ ಅದು ಯಾರೋ ಆಮೇಲೆ ತುರುಕಿದ ಹಾಗೆ ಕೇಳಿಸುತ್ತದೆ.

ಎಲ್‌ಪಿ ಯಾಕೆ ಅಂತ ಕೇಳಬಹುದು. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿ ವ್ಯಾಪಾರದ ಹಣ ಸಿಡಿಯದನ್ನು ದಾಟಿತು, 1980ರ ದಶಕದ ನಂತರ ಮೊದಲ ಸಲ. ಕೊಳ್ಳುವವರಲ್ಲಿ ಹುಡುಗರೂ ಇದ್ದಾರೆ. ಸದ್ದು ಚೆನ್ನ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ, ನನ್ನ ಕಿವಿಯ ಕತೆ ಆಗಲೇ ಹೇಳಿದೆನಲ್ಲ. ಎಲ್‌ಪಿಯಲ್ಲಿ ಹಾಡು ದಾಟಿಸುವುದು ಕಷ್ಟ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು, ಅಲ್ಲಿಯವರೆಗೆ ಬಂದದ್ದನ್ನು ಕೇಳಬೇಕು. ಹದಿನಾರರಲ್ಲಿ ಕ್ಯಾಸೆಟ್ ಮಾಡುತ್ತಿದ್ದ ಕೆಲಸಕ್ಕೇ ಈಗ ಜಾಸ್ತಿ ದುಡ್ಡು ಕೊಡುತ್ತಿದ್ದೇನೆ.

ನಿಮಗೂ ಎಲ್‌ಪಿ ಕೊಳ್ಳಿ ಅನ್ನುತ್ತಿಲ್ಲ. ಆಪ್‌ನಲ್ಲೇ ಇದನ್ನು ಮಾಡಬಹುದು. ತಿಂಗಳಿಗೆ ಒಂದೇ ಹೊಸ ಆಲ್ಬಂ ಇಟ್ಟುಕೊಳ್ಳಿ, ಐದು ಸಲ ಪೂರ್ತಿ ಕೇಳುವವರೆಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಬೇಡಿ. ಆಪ್ ತಾನಾಗಿ ಕೊಡುವ ಪಟ್ಟಿಯನ್ನು ನಾನು ಮುಟ್ಟುವುದಿಲ್ಲ, ನಾವು ಆಗಲೇ ಕೇಳಿದ್ದನ್ನು ಹೋಲುವುದನ್ನೇ ಅದು ತಂದು ಸುರಿಯುತ್ತದೆ. ಅದಕ್ಕಿಂತ ನಿಮಗಿಂತ ಚಿಕ್ಕವರೊಬ್ಬರನ್ನು ಕೇಳಿ. ಆದರೆ ಒಂದೇ ಒಂದು ಹೆಸರು ಕೇಳಿ, ಪಟ್ಟಿ ಕೊಟ್ಟರೆ ಯಾವುದನ್ನೂ ಕೇಳುವುದಿಲ್ಲ.

ಕಳೆದ ತಿಂಗಳು ಮಗಳು ಹೇಳಿದ ಒಂದು ಆಲ್ಬಂ ಕೊಂಡೆ. ಮೊದಲ ಎರಡು ಸಲ ಏನೂ ಅನ್ನಿಸಲಿಲ್ಲ. ಮೂರನೆಯ ಸಲ ಎರಡನೆಯ ಮಗ್ಗುಲಿನಲ್ಲಿ ಒಂದು ಕಡೆ ಕೈಯಲ್ಲಿದ್ದ ಕೆಲಸ ನಿಂತಿತು. ನಿನ್ನೆಗೆ ನಾಲ್ಕು ಸಲ ಆಯಿತು. ಮೊದಲ ಹಾಡು ಮಾತ್ರ ಇನ್ನೂ ಕಿರಿಕಿರಿ.