ಜರ್ಮನ್ ಮಾತಿನ ಅಳುಕು ಮತ್ತು ಚಾಟ್‌ಜಿಪಿಟಿ ಅಭ್ಯಾಸ

ಚಾಟ್‌ಜಿಪಿಟಿಯೊಂದಿಗೆ ಸರಾಗವಾಗಿ ಜರ್ಮನ್ ಮಾತನಾಡುವ ನೀವು ತರಗತಿಯಲ್ಲಿ ಶಿಕ್ಷಕರ ಮುಂದೆ ತಡವರಿಸುವುದಾಗಿ ಬರೆದು, ಬಿ1 (ಮಧ್ಯಮ ಹಂತದ) ಜರ್ಮನ್ ಪರೀಕ್ಷೆಗೆ ಈ ಅಭ್ಯಾಸ ವ್ಯರ್ಥವೇ ಎಂದು ಕೇಳಿದ್ದೀರಿ. ವ್ಯರ್ಥವಲ್ಲ, ಆದರೆ ಅದೊಂದೇ ಸಾಲದು. ಅನ್ಯಭಾಷೆಯ ತರಗತಿಯಲ್ಲಿ ಹುಟ್ಟುವ ಅಳುಕು ಸಾಮಾನ್ಯ ಆತಂಕಕ್ಕಿಂತ ಬೇರೆಯೆಂದು ಭಾಷಾಕಲಿಕೆಯ ಸಂಶೋಧಕಿ ಎಲೈನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲೇ ವಾದಿಸಿ, ಅದನ್ನು ಅಳೆಯಲು 33 ಹೇಳಿಕೆಗಳ ಮಾಪಕವೊಂದನ್ನು ರೂಪಿಸಿದರು. ಇತರರು ನಮ್ಮನ್ನು ಕೀಳಾಗಿ ಕಂಡಾರೆಂಬ ಭಯ ಅದರ ಮುಖ್ಯ ಎಳೆಗಳಲ್ಲೊಂದು. ಯಂತ್ರದ ಎದುರು ಆ ಭಯವಿಲ್ಲ. ನಾಮಪದಕ್ಕೆ ಮೊದಲು ಬರುವ ಆರ್ಟಿಕಲ್ ತಪ್ಪಿ, 'ಡೆನ್' ಎನ್ನಬೇಕಾದಲ್ಲಿ 'ಡೆರ್' ಎಂದರೂ ಅದು ಹುಬ್ಬು ಗಂಟಿಕ್ಕದೆ, ಅರ್ಥವನ್ನು ಊಹಿಸಿಕೊಂಡು ಮಾತು ಮುಂದುವರಿಸುತ್ತದೆ. ನನ್ನ ದೃಷ್ಟಿಯಲ್ಲಿ ಈ ಔದಾರ್ಯವೇ ಅದರ ದೊಡ್ಡ ಕೊರತೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆಯ ಬಿ1 ಮೌಖಿಕ ಪರೀಕ್ಷೆಯನ್ನು ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳು ಜೊತೆಯಾಗಿ, ಸುಮಾರು 15 ನಿಮಿಷ ಎದುರಿಸುತ್ತಾರೆ. ಕಾರ್ಯಕ್ರಮವೊಂದನ್ನು ಕೂಡಿ ಯೋಜಿಸುವ ಭಾಗದಲ್ಲಿ ಜೊತೆಗಾರರು ನಡುವೆ ಬಾಯಿ ಹಾಕಬಹುದು, ಒಪ್ಪದಿರಬಹುದು, ಸುಮ್ಮನೆ ಕೂತುಬಿಡಲೂಬಹುದು. ಆದ್ದರಿಂದ ಧ್ವನಿಯಲ್ಲಿ ಅಭ್ಯಾಸ ಮಾಡುವಾಗ 'ನನ್ನ ಸಲಹೆಯನ್ನು ಸುಲಭವಾಗಿ ಒಪ್ಪಬೇಡ, ಕಾರಣ ಕೇಳು, ತಪ್ಪುಗಳನ್ನು ಕೊನೆಯಲ್ಲಿ ಮಾತ್ರ ಹೇಳು' ಎಂದು ಮೊದಲೇ ಸೂಚಿಸಿ, ಅದೇ ವಿಷಯವನ್ನು ಆ ವಾರದೊಳಗೆ ಸಹಪಾಠಿಯೊಬ್ಬರ (ಅವರಿಗೂ ಇಷ್ಟೇ ಅಳುಕಿರುತ್ತದೆ) ಜೊತೆ ಮತ್ತೊಮ್ಮೆ ಮಾತನಾಡಿ.